ಬಿಸಿಯೂಟದಿಂದ ಮಕ್ಕಳ ಪೌಷ್ಟಿಕತೆಗೆ ನಿಜವಾಗಿ ಏನಾದರೂ ಆಗಿದೆಯೇ?

ಆಗಿದೆ. ಆದರೆ ಅದು ಒಂದೇ ಯೋಜನೆಯಿಂದ ಆದದ್ದಲ್ಲ, ಹಂತಹಂತವಾಗಿ ಆದದ್ದು.

1995ರಲ್ಲಿ ಕೇಂದ್ರ ಸರ್ಕಾರ ಯೋಜನೆ ಶುರುಮಾಡಿದಾಗ ಹೆಚ್ಚಿನ ರಾಜ್ಯಗಳಲ್ಲಿ ಮಗುವಿಗೆ ಸಿಗುತ್ತಿದ್ದದ್ದು ತಿಂಗಳಿಗೆ 3 ಕೆಜಿ ಧಾನ್ಯ, ಅಷ್ಟೇ. ಅದು ಮನೆಗೆ ಹೋಗಿ ಎಲ್ಲರ ಪಾಲಾಗುತ್ತಿತ್ತು. ತಿರುವು ಬಂದದ್ದು 2001ರ ನವೆಂಬರ್‌ನಲ್ಲಿ. ಧಾನ್ಯ ಬೇಡ, ಬೇಯಿಸಿದ ಊಟವನ್ನೇ ಕೊಡಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. ತಮಿಳುನಾಡು ಅದನ್ನು ದಶಕಗಳ ಮೊದಲೇ ಮಾಡಿ ತೋರಿಸಿತ್ತು.

ನಮ್ಮಲ್ಲಿ 2002ರ ಜೂನ್‌ನಲ್ಲಿ ಬೀದರ್, ರಾಯಚೂರು, ಕೊಪ್ಪಳ ಸೇರಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಹಸಿವು ಹೆಚ್ಚಿದ್ದ ಕಡೆಯಿಂದಲೇ ಶುರುಮಾಡಿದ್ದು ಸರಿಯಾದ ನಿರ್ಧಾರ. 2013ರ ಆಹಾರ ಭದ್ರತಾ ಕಾಯ್ದೆ ಈ ಊಟವನ್ನು ಮಗುವಿನ ಹಕ್ಕಾಗಿಸಿತು: ಐದನೇ ತರಗತಿವರೆಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್, ಆರರಿಂದ ಎಂಟಕ್ಕೆ 700 ಕ್ಯಾಲೊರಿ, 20 ಗ್ರಾಂ. ಅದೇ ವರ್ಷ ಕ್ಷೀರ ಭಾಗ್ಯದ ಹಾಲೂ ಬಂತು.

ಕ್ಯಾಲೊರಿಯ ಲೆಕ್ಕವನ್ನು ಅನ್ನ ತುಂಬಿಸಿಬಿಡುತ್ತದೆ. ಕಷ್ಟವಿರುವುದು ಪ್ರೋಟೀನ್ ಮತ್ತು ಕಬ್ಬಿಣಾಂಶದಲ್ಲಿ. ಸಾರು ತೆಳುವಾದರೆ ಬೇಳೆ ಕಾಗದದ ಮೇಲಷ್ಟೇ ಉಳಿಯುತ್ತದೆ. ಹಾಗಾಗಿಯೇ ಮೊಟ್ಟೆ ನನಗೆ ಅತಿ ಮುಖ್ಯವಾಗಿ ಕಾಣುತ್ತದೆ. ಅದನ್ನು ತೆಳು ಮಾಡಲಾಗದು, ಕಲಬೆರಕೆ ಮಾಡಲಾಗದು. 2021ರ ಕೊನೆಗೆ ಕಲ್ಯಾಣ ಕರ್ನಾಟಕ ಭಾಗದಲ್ಲಿ ಕೊಡಲು ಶುರುಮಾಡಿದಾಗ ಮಠಾಧೀಶರ ವಿರೋಧವಿತ್ತು. ಮಕ್ಕಳು ಮಾತ್ರ ಖುಷಿಯಾಗಿ ತಿಂದರು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ. ಬೇಡವೆಂದವರಿಗೆ ಬಾಳೆಹಣ್ಣು.

ಶಾಲೆ ಸೇರುವ ಮುಂಚಿನ ವರ್ಷಗಳ ಕೊರತೆಯನ್ನು ಬಿಸಿಯೂಟ ಪೂರ್ತಿ ತುಂಬಲಾರದು. ಆ ಕೆಲಸ ಅಂಗನವಾಡಿಯಲ್ಲೇ ಆಗಬೇಕು.