ಸಿಸ್ಟರ್‌ಗೆ ಪತ್ರ: “ಅಲ್ಲಿ ಹೋಗಿ ನಾನೇನು ಮಾಡಲಿ?”

ಹಿರಿಯರ ಆರೈಕೆಯ ಬಗ್ಗೆ ನೀವು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುವವರು ಕಾರ್ಕಳದ ನಿವೃತ್ತ ನರ್ಸ್. ಮಂಗಳೂರಿನಲ್ಲಿ ಕಲಿತು 1987ರಲ್ಲಿ ಅಮೆರಿಕಕ್ಕೆ ಹೋದವರು. 1991ರಿಂದ 2014ರವರೆಗೆ ಪೆನ್ಸಿಲ್ವೇನಿಯಾದಲ್ಲಿ ಕ್ವೇಕರ್ ಪಂಥದವರು ನಡೆಸುವ ಹಿರಿಯರ ವಸತಿಯೊಂದರಲ್ಲಿ ಕೆಲಸ ಮಾಡಿದವರು.

ಪ್ರಶ್ನೆ: ಸಿಸ್ಟರ್, ನನಗೆ 69. ಹೈಸ್ಕೂಲಿನಲ್ಲಿ ಗಣಿತ ಟೀಚರ್ ಆಗಿದ್ದೆ. ಮನೆಯವರು ಹೋಗಿ ನಾಲ್ಕು ವರ್ಷವಾಯಿತು. ಬೆಂಗಳೂರಿನಲ್ಲಿ ಮಗ, ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ಆ ಹದಿನಾಲ್ಕನೇ ಮಹಡಿಯಲ್ಲಿ ಹಗಲೆಲ್ಲಾ ನಾನೊಬ್ಬಳೇ. ಮೈಸೂರಿನ ಹತ್ತಿರ ಹಿರಿಯರಿಗೆಂದೇ ಕಟ್ಟಿದ ಮನೆಗಳಿವೆ. ಸೇರೋಣ ಅಂದರೆ ತಂಗಿ “ಜನ ನಿನ್ನ ಮಗನನ್ನು ಬಯ್ಯುತ್ತಾರೆ” ಅನ್ನುತ್ತಾಳೆ. ನನ್ನ ಭಯ ಬೇರೆ. ಅಲ್ಲಿ ಹೋಗಿ ನಾನೇನು ಮಾಡಲಿ? ಟಿವಿ, ಭಜನೆ, ಊಟ, ನಿದ್ದೆ. ಅಷ್ಟೇನಾ?
ಎಸ್. ಎಲ್., ತಿಪಟೂರು

ಉತ್ತರ: ಟೀಚರ್, ತಂಗಿಯ ಮಾತನ್ನು ಮೊದಲು ಮುಗಿಸಿಬಿಡೋಣ. ಇದು ನಿಮ್ಮ ತೀರ್ಮಾನ ಅಂತ ನೆಂಟರ ಎದುರು ನೀವೇ ಬಾಯಿಬಿಟ್ಟು ಹೇಳಿ. ಮಗನ ಬಾಯಲ್ಲಿ ಹೇಳಿಸಬೇಡಿ. ಜನ ಎರಡು ವಾರ ಮಾತಾಡಿಕೊಳ್ಳುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ನಿಮ್ಮ ಭಯ ಮಾತ್ರ ಸಣ್ಣದಲ್ಲ. ಆ ಪ್ರಶ್ನೆ ಕೇಳಿಕೊಳ್ಳದೆ ಬಂದು ಸೇರಿದವರು ಆರೇ ತಿಂಗಳಲ್ಲಿ ಬಾಡಿಹೋಗಿದ್ದನ್ನು ನಾನು ನೋಡಿದ್ದೇನೆ.

ಫಿಲಡೆಲ್ಫಿಯಾದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರದಲ್ಲಿ ಕೆನೆಟ್ ಸ್ಕ್ವೇರ್ ಅಂತ ಒಂದು ಊರಿದೆ. ಅಣಬೆ ಬೆಳೆಗೆ ಹೆಸರಾದ ಊರು. ಅದರ ಹತ್ತಿರ ಕ್ವೇಕರ್ ಜನ 1973ರಲ್ಲಿ ‘ಕೆಂಡಲ್’ ಅನ್ನುವ ಹಿರಿಯರ ವಸತಿ ತೆರೆದರು. ಕೈಕಾಲು ಗಟ್ಟಿ ಇರುವವರೆಗೆ ನಿಮ್ಮದೇ ಪುಟ್ಟ ಮನೆ. ಆಗದಿದ್ದಾಗ ಅದೇ ಆವರಣದಲ್ಲಿ ನರ್ಸುಗಳ ಆರೈಕೆ. ಕೊನೆಯವರೆಗೂ ಅಲ್ಲೇ. ನಾನು ಕೆಲಸ ಮಾಡಿದ್ದು ಅದೇ ಸೀಮೆಯ, ಅದೇ ಬಗೆಯ ಇನ್ನೊಂದು ವಸತಿಯಲ್ಲಿ. ಕ್ವೇಕರ್ ಅಂದರೆ ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಥ. ಆ ಕಡೆಯವರ ಪ್ರಾರ್ಥನೆಯಲ್ಲಿ ಪಾದ್ರಿ ಇರುವುದಿಲ್ಲ. ಎಲ್ಲರೂ ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಮಾತು ಬಂದವರು ಎದ್ದು ನಿಂತು ಹೇಳುತ್ತಾರೆ. ಎಲ್ಲರೊಳಗೂ ದೇವರ ಬೆಳಕಿದೆ ಅನ್ನುವುದು ಅವರ ನಂಬಿಕೆ. ಯುದ್ಧದಲ್ಲಿ ನೊಂದವರಿಗೆ ಅವರ ಸೇವಾ ಸಂಸ್ಥೆಗಳು ಮಾಡಿದ ಕೆಲಸಕ್ಕೆ 1947ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ನಾನು ಸೇರಿದ ಮೊದಲ ವಾರ ಒಬ್ಬ ಅಜ್ಜಿಗೆ ಹತ್ತು ಗಂಟೆಯ ಮಾತ್ರೆ ಕೊಡಲು ಹೋದೆ. ಮನೆಯಲ್ಲಿಲ್ಲ. ಗಾಬರಿಯಿಂದ ಹುಡುಕಿದರೆ ಮರಗೆಲಸದ ಕೋಣೆಯಲ್ಲಿ ಸಿಕ್ಕರು. ವಯಸ್ಸು 86. ಪಕ್ಕದ ಶಾಲೆಯಿಂದ ಬಂದ ಮುರುಕು ಕುರ್ಚಿಗೆ ಸ್ಯಾಂಡ್ ಪೇಪರ್ ಉಜ್ಜುತ್ತಿದ್ದರು. “ಇನ್ನೊಂದು ಕಾಲು ಬಾಕಿ ಇದೆ, ಕೂತುಕೋ” ಅಂದರು. ಕೂತೆ. ಆ ಕುರ್ಚಿ ಶುಕ್ರವಾರ ಶಾಲೆಗೆ ವಾಪಸ್ ಹೋಗಬೇಕಿತ್ತು. ಅಜ್ಜಿಯ ವಾರಕ್ಕೆ ಒಂದು ಶುಕ್ರವಾರ ಇತ್ತು ಟೀಚರ್. ಅದು ದೊಡ್ಡ ವಿಷಯ.

ಅಣಬೆ ಕೀಳುವ ಕೆಲಸಕ್ಕೆ ಮೆಕ್ಸಿಕೋದಿಂದ ಬಂದ ಕುಟುಂಬಗಳು ಆ ಕಡೆ ಜಾಸ್ತಿ. ನಮ್ಮ ವಸತಿಯ ನಾಲ್ಕೈದು ಜನ ವಾರಕ್ಕೆ ಎರಡು ಸಂಜೆ ಹೋಗಿ ಅವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ರಾತ್ರಿ ಊಟ ಬಡಿಸಲು ಹೈಸ್ಕೂಲ್ ಮಕ್ಕಳು ಬರುತ್ತಿದ್ದರು. ಅವರ ಕಾಲೇಜಿನ ಅರ್ಜಿ ತಿದ್ದಿಕೊಡಲು ಇಬ್ಬರು ನಿವೃತ್ತ ಪ್ರೊಫೆಸರುಗಳು ಸದಾ ತಯಾರು. 2003ರ ಚಳಿಗಾಲದಲ್ಲಿ ಇರಾಕ್ ಯುದ್ಧ ಬೇಡ ಅಂತ ಹದಿನೈದು ಜನ ಕಂಬಳಿ ಹೊದ್ದು ಪೇಟೆಯ ಮೂಲೆಯಲ್ಲಿ ಫಲಕ ಹಿಡಿದು ನಿಂತರು. ಒಂದು ಗಾಲಿ ಕುರ್ಚಿ ತಳ್ಳಿಕೊಂಡು ಹೋದವಳು ನಾನು. ಕಾರಿನಲ್ಲಿ ಹೋಗುವವರು ಕೆಲವರು ಬಯ್ದರು. ಕುರ್ಚಿಯಲ್ಲಿದ್ದ ಅಜ್ಜ ಎಲ್ಲರಿಗೂ ಕೈಬೀಸಿದರು.

ಅಲ್ಲಿನ ತೀರ್ಮಾನಗಳ ಬಗ್ಗೆಯೂ ಹೇಳಬೇಕು. ಕ್ವೇಕರ್ ಸಭೆಗಳಲ್ಲಿ ಮತ ಹಾಕುವುದಿಲ್ಲ. ಎಲ್ಲರ ಮನಸ್ಸು ಒಂದು ಕಡೆ ಬರುವವರೆಗೆ ಕಾಯುತ್ತಾರೆ. ನಮ್ಮ ವಸತಿಯಲ್ಲೂ ಅದೇ ಪದ್ಧತಿ. ಒಮ್ಮೆ ಮರೆವಿನ ಕಾಯಿಲೆಯ ಒಬ್ಬ ಹೆಂಗಸು ಊಟದ ಮನೆಯಲ್ಲಿ ಪಕ್ಕದವರ ತಟ್ಟೆಯಿಂದ ಬ್ರೆಡ್ ಎತ್ತಿಕೊಳ್ಳಲು ಶುರು ಮಾಡಿದರು. ಅಂಥವರಿಗೆ ಬೇರೆ ಕೋಣೆಯಲ್ಲಿ ಊಟ ಕೊಡಿ ಅಂತ ಕೆಲವರು ಕೇಳಿದರು. ಕೆಟ್ಟ ಜನರಲ್ಲ ಅವರು. ತಮಗೂ ಹಾಗಾದೀತು ಅನ್ನುವ ಹೆದರಿಕೆ ಮುಖದಲ್ಲೇ ಕಾಣುತ್ತಿತ್ತು. ಐದು ತಿಂಗಳು ಸಭೆಯ ಮೇಲೆ ಸಭೆ. ನಡುವೆ ಮಾತು ಬಿಸಿಯಾದರೆ ಸಭೆ ನಡೆಸುವವರು “ಸ್ವಲ್ಪ ಮೌನ” ಅನ್ನುತ್ತಿದ್ದರು. ಎಲ್ಲರೂ ಎರಡು ನಿಮಿಷ ಸುಮ್ಮನಾಗುತ್ತಿದ್ದರು. ಕೊನೆಗೆ ಕಿಟಕಿಯ ಪಕ್ಕ ಒಂದು ಮೇಜು ಆ ಹೆಂಗಸಿಗೆ ಅಂತಾಯಿತು. ದಿನಕ್ಕೊಬ್ಬರಂತೆ ಸರದಿಯಲ್ಲಿ ಅವರ ಜೊತೆ ಕೂತು ಉಂಡರು. ಮೇಜಿನ ಮೇಲೆ ಬುಟ್ಟಿ ತುಂಬಾ ಬ್ರೆಡ್. ನೋಡಲಾಗದವರು ಇಬ್ಬರು ಬೇಗ ಬಂದು ಊಟ ಮುಗಿಸಿ ಹೋಗುತ್ತಿದ್ದರು. ಅದಕ್ಕೂ ಯಾರೂ ಬೇಡ ಅನ್ನಲಿಲ್ಲ.

ಇದನ್ನೆಲ್ಲ ಹೇಳಿದ್ದು ಮೈಸೂರಿನಲ್ಲಿ ನೀವು ಏನು ನೋಡಬೇಕು ಅಂತ ತಿಳಿಸಲಿಕ್ಕೆ. ಮಾರಾಟದವರು ಈಜುಕೊಳ, ಲಿಫ್ಟು, ಯೋಗದ ಹಾಲ್ ತೋರಿಸುತ್ತಾರೆ. ನೀವು ಒಂದು ಮಂಗಳವಾರ ಮಧ್ಯಾಹ್ನ ಮೂರಕ್ಕೆ, ಹೇಳದೆ ಹೋಗಿ. ಜನ ಎಲ್ಲಿದ್ದಾರೆ, ಕೈಯಲ್ಲಿ ಏನಿದೆ ನೋಡಿ. ಅಡುಗೆ ಏನು ಅಂತ ಯಾರು ತೀರ್ಮಾನಿಸುತ್ತಾರೆ ಕೇಳಿ. ನಿವಾಸಿಗಳ ಸಮಿತಿ ಇದ್ದರೆ ಹಿಂದಿನ ಸಭೆಯ ನಡಾವಳಿ ಓದಲು ಕೇಳಿ. ಮರೆವು ಬಂದವರು ಎಲ್ಲಿ ಊಟ ಮಾಡುತ್ತಾರೆ, ಗಾಲಿ ಕುರ್ಚಿಯವರು ತೋಟಕ್ಕೆ ಬರಲು ದಾರಿ ಇದೆಯಾ ನೋಡಿ. ಹಣ ಮುಗಿದುಹೋದರೆ ಏನು ಗತಿ ಅಂತ ನಾಚದೆ ಕೇಳಿ. ನಮ್ಮಲ್ಲಿ ಅದಕ್ಕೆ ಒಂದು ನಿಧಿ ಇತ್ತು. ತಮ್ಮ ತಪ್ಪಿಲ್ಲದೆ ಕೈ ಖಾಲಿಯಾದವರನ್ನು ಹೊರಗೆ ಕಳಿಸುತ್ತಿರಲಿಲ್ಲ. ಆಮೇಲೆ ಹದಿನೈದು ದಿನ ಬಾಡಿಗೆಗೆ ಇದ್ದು ನೋಡಿ. ಅದಕ್ಕೆ ಒಪ್ಪದಿದ್ದರೆ ಆ ಜಾಗ ಬೇಡ.

ಇನ್ನೊಂದು. ಅಲ್ಲಿ ಅಡುಗೆಯವರು, ಕಸ ಗುಡಿಸುವವರು, ಸೆಕ್ಯೂರಿಟಿಯವರು ಇರುತ್ತಾರೆ, ಅವರಿಗೆ ಮಕ್ಕಳಿರುತ್ತಾರೆ. ಎಸ್ಸೆಸ್ಸೆಲ್ಸಿ ಗಣಿತಕ್ಕೆ ಹೆದರುವ ಮಗು ಒಂದಾದರೂ ಇದ್ದೇ ಇರುತ್ತದೆ. ಹೋದ ದಿನವೇ ಮ್ಯಾನೇಜರನ್ನು ಕೇಳಿ: “ಸಂಜೆ ಐದಕ್ಕೆ ಒಂದು ಕೋಣೆ, ಒಂದು ಬೋರ್ಡು ಕೊಡುತ್ತೀರಾ?” ಅವರು ಏನು ಹೇಳುತ್ತಾರೋ ಅದರಲ್ಲೇ ಆ ಜಾಗದ ಗುಣ ಗೊತ್ತಾಗುತ್ತದೆ.

ಪ್ರಶ್ನೆ: ಅಮ್ಮ ಇರುವ ಹಿರಿಯರ ಮನೆಯಲ್ಲಿ ಆಯಾಗೆ ತಿಂಗಳಿಗೆ ಐನೂರು ಕೈಗೆ ಕೊಡುತ್ತೇನೆ. ಕೊಡದಿದ್ದರೆ ಅಮ್ಮನನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ ಅಂತ ಭಯ. ಸರಿಯಾ?
ವಿ., ಕುಂದಾಪುರ

ಉತ್ತರ: ನಿಲ್ಲಿಸಿ. ನಿಮ್ಮಮ್ಮನಿಗೆ ಐನೂರರ ಆರೈಕೆ ಸಿಕ್ಕಿದರೆ, ಕೊಡಲು ಯಾರೂ ಇಲ್ಲದ ಪಕ್ಕದ ಮಂಚದ ಅಜ್ಜಿಗೆ ಏನು ಸಿಗುತ್ತದೆ? ನಮ್ಮಲ್ಲಿ ಒಂದು ಡಾಲರ್ ಕೂಡ ಕೈಗೆ ತೆಗೆದುಕೊಳ್ಳುವಂತಿರಲಿಲ್ಲ. ವರ್ಷದ ಕೊನೆಗೆ ನಿವಾಸಿಗಳು ತಮಗೆ ತೋಚಿದಷ್ಟು ಒಂದೇ ಡಬ್ಬಿಗೆ ಹಾಕುತ್ತಿದ್ದರು. ಕೊಟ್ಟವರ ಹೆಸರು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಾತ್ರೆ ತೊಳೆಯುವವರಿಂದ ನರ್ಸುಗಳವರೆಗೆ, ಕೆಲಸ ಮಾಡಿದ ಗಂಟೆಗಳ ಲೆಕ್ಕದಲ್ಲಿ ಹಂಚುತ್ತಿದ್ದರು. ಬೇರೆ ಮಕ್ಕಳನ್ನೂ ಸೇರಿಸಿಕೊಂಡು ದೀಪಾವಳಿಗೆ ಹೀಗೊಂದು ಡಬ್ಬಿ ಇಡಿ. ಆಯಾಗೆ ಸಂಬಳ ಎಷ್ಟು ಅಂತಲೂ ಆಡಳಿತದವರನ್ನು ಕೇಳಿ. ತೀರಾ ಕಡಿಮೆ ಇದ್ದರೆ ಎಲ್ಲರೂ ಸೇರಿ ಜಾಸ್ತಿ ಮಾಡಿಸಿ.

ಪ್ರಶ್ನೆ: ನಾವಿಬ್ಬರು ಗೆಳತಿಯರು. ಒಂದೇ ಆಫೀಸಿನಲ್ಲಿ 31 ವರ್ಷ ಡಬ್ಬಿ ಹಂಚಿಕೊಂಡು ಉಂಡವರು. ಇಬ್ಬರಿಗೂ ಗಂಡಂದಿರಿಲ್ಲ. ಒಂದು ಕಡೆ ಅಕ್ಕಪಕ್ಕದ ಎರಡು ಕೋಣೆ ಕೇಳಿದೆವು. ಅವಳ ಹೆಸರು ಕೇಳಿದ ಮೇಲೆ “ನಮ್ಮಲ್ಲಿ ಶುದ್ಧ ಸಸ್ಯಾಹಾರ” ಅಂದರು. ಅವಳು ಅದಕ್ಕೂ ಒಪ್ಪಿದಳು. ಆಗ “ಬೇರೆಯವರಿಗೆ ಮುಜುಗರ ಆಗುತ್ತೆ” ಅಂದರು. ನನಗೆ ಮಾತ್ರ ಕೋಣೆ ಕೊಡುತ್ತಾರಂತೆ. “ನೀನು ಹೋಗು, ನಾನು ತಮ್ಮನ ಮನೆಯಲ್ಲಿರುತ್ತೇನೆ” ಅನ್ನುತ್ತಾಳೆ.
ಎಂ. ಕೆ., ಧಾರವಾಡ

ಉತ್ತರ: ಪತ್ರ ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ನೀವು ಹೋಗಬೇಡಿ. 31 ವರ್ಷದ ಡಬ್ಬಿಗಿಂತ ದೊಡ್ಡ ಸೌಕರ್ಯ ಯಾವ ವಸತಿಯಲ್ಲೂ ಇಲ್ಲ.

ಎಲ್ಲರೂ ಸಮ ಅನ್ನುವ ಜಾಗದಲ್ಲಿ 23 ವರ್ಷ ಇದ್ದವಳು ನಾನು. ಅಲ್ಲೂ ಎಲ್ಲ ಸರಿ ಇರಲಿಲ್ಲ. ನಿವಾಸಿಗಳಲ್ಲಿ ಬಹುಪಾಲು ಬಿಳಿಯರು. ಸೇರುವಾಗ ಕಟ್ಟುವ ಹಣ ನಮ್ಮ ರೂಪಾಯಿಯಲ್ಲಿ ಕೋಟಿಯ ಲೆಕ್ಕ, ಹಾಗಾಗಿ ಉಳ್ಳವರೇ ಜಾಸ್ತಿ. ಒಬ್ಬ ಹೆಂಗಸು ಬಂದ ಹೊಸದರಲ್ಲಿ, ನನ್ನ ಜೊತೆ ಕೆಲಸ ಮಾಡುವ ಕಪ್ಪು ಹುಡುಗಿ ಸ್ನಾನ ಮಾಡಿಸುವುದು ಬೇಡ ಅಂದರು. ನಮ್ಮ ಮೇಲಿನವರು ಡ್ಯೂಟಿ ಬದಲಿಸಲಿಲ್ಲ. ಸೇರುವಾಗ ಸಹಿ ಹಾಕಿದ ಕಾಗದದಲ್ಲೇ ಆ ನಿಯಮ ಇತ್ತು. ನಿವಾಸಿಗಳಲ್ಲೇ ಒಬ್ಬರು ಹೋಗಿ ಆ ಹೆಂಗಸಿನ ಜೊತೆ ದಿನಾ ಕೂತರು, ಬುದ್ಧಿ ಹೇಳಲಿಲ್ಲ, ಸುಮ್ನೆ ಕೂತರು. ನಾಲ್ಕನೇ ದಿನ ಸ್ನಾನಕ್ಕೆ ಒಪ್ಪಿದರು. ಆ ಹುಡುಗಿ ನಾಲ್ಕು ದಿನ ಏನು ಅನುಭವಿಸಿದಳು ಅನ್ನುವುದು ಲಾಕರ್ ಕೋಣೆಯಲ್ಲಿ ಅವಳನ್ನು ನೋಡಿದ ನಮಗೆ ಗೊತ್ತು.

ಇತಿಹಾಸ ಓದಿಕೊಂಡಿದ್ದ ಒಬ್ಬ ಅಜ್ಜ ನನಗೆ ಒಂದು ವಿಷಯ ಹೇಳಿದ್ದರು. ಫಿಲಡೆಲ್ಫಿಯಾದ ಹತ್ತಿರದ ಜರ್ಮನ್‌ಟೌನ್‌ನಲ್ಲಿ 1688ರಲ್ಲಿ ನಾಲ್ಕು ಜನ, ಮನುಷ್ಯರನ್ನು ಗುಲಾಮರಾಗಿ ಇಟ್ಟುಕೊಳ್ಳುವುದು ತಪ್ಪು ಅಂತ ಕ್ವೇಕರ್ ಸಭೆಗೆ ಬರೆದುಕೊಟ್ಟರು. ಗುಲಾಮರನ್ನು ಇಟ್ಟುಕೊಂಡವರಿಗೆ ತಮ್ಮಲ್ಲಿ ಜಾಗವಿಲ್ಲ ಅಂತ ಫಿಲಡೆಲ್ಫಿಯಾದ ಕ್ವೇಕರರು ತೀರ್ಮಾನಿಸಿದ್ದು 1776ರಲ್ಲಿ. 88 ವರ್ಷ ಬೇಕಾಯಿತು. ನಿಮಗೆ ಅಷ್ಟು ಕಾಯುವ ಹೊತ್ತಿಲ್ಲ, ಗೊತ್ತು. ಹಾಗಾಗಿ ಇನ್ನು ಮುಂದೆ ಫೋನ್ ಮಾಡುವಾಗ ಮೊದಲ ಮಾತಿನಲ್ಲೇ ಇಬ್ಬರ ಹೆಸರನ್ನೂ ಹೇಳಿ. ನಿಮ್ಮ ಹೆಸರಲ್ಲಿ ಎರಡು ಕೋಣೆ ಹಿಡಿದು ಆಮೇಲೆ ಹೇಳೋಣ ಅನ್ನುವುದು ಬೇಡ, ಅವಳು ದಿನಾ ಅಂಜಿಕೊಂಡು ಇರಬೇಕಾಗುತ್ತದೆ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿದರೆ ವಸತಿಗಳ ಮಾಹಿತಿ ಕೇಳಬಹುದು. ಎಲ್ಲೂ ಆಗದಿದ್ದರೆ ಧಾರವಾಡದಲ್ಲೇ ನೆಲಮಹಡಿಯ ಎರಡು ಮನೆ ಬಾಡಿಗೆಗೆ ಹಿಡಿಯಿರಿ. ಅಡುಗೆಗೆ ಒಬ್ಬರು, ರಾತ್ರಿ ಮಲಗಲು ಒಬ್ಬರು. ಇಬ್ಬರೂ ಖರ್ಚು ಹಂಚಿಕೊಂಡರೆ ವಸತಿಯ ಬಾಡಿಗೆಗಿಂತ ಜಾಸ್ತಿ ಆಗಲಾರದು. ನಿಮ್ಮ ಹಾಗೆ ಒಂಟಿಯಾದ ಮೂರನೆಯವರು ಇದ್ದರೆ ಅವರನ್ನೂ ಕರೆಯಿರಿ.

ಮುಜುಗರ ಅಂದವರಿಗೆ ಒಂದು ಪತ್ರವನ್ನೂ ಬರೆಯಿರಿ. ಬಯ್ಯಬೇಡಿ. ಡಬ್ಬಿಯ ವಿಷಯ ಮಾತ್ರ ಬರೆಯಿರಿ.

ಪ್ರಶ್ನೆ: ಮಾವನಿಗೆ 83, ಮರೆವು ಜಾಸ್ತಿ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ರಾತ್ರಿ ಮೂರಕ್ಕೆ ಎದ್ದು ಬಾಗಿಲು ತೆಗೆಯಲು ಹೋಗುತ್ತಾರೆ. ಎರಡು ಸಲ ಬಿದ್ದರು. ಮಂಚಕ್ಕೆ ಹಳೇ ಸೀರೆಯಲ್ಲಿ ಕಟ್ಟೋಣ ಅಂತ ನಮ್ಮ ಯಜಮಾನರು. ಹೋಂ ನರ್ಸ್ ಕೂಡ ಹಾಗೇ ಹೇಳಿದಳು. ನನಗೆ ಮನಸ್ಸು ಒಪ್ಪುತ್ತಿಲ್ಲ.
ಜಿ., ಸಾಗರ

ಉತ್ತರ: ತಂಗಿ, ಕಟ್ಟಬೇಡಿ.

ನಾನು ಕಟ್ಟಿದ್ದೇನೆ. ಅಮೆರಿಕದಲ್ಲಿ ನನ್ನ ಮೊದಲ ಕೆಲಸ ಬೇರೊಂದು ರಾಜ್ಯದ ನರ್ಸಿಂಗ್ ಹೋಮಿನಲ್ಲಿ. ಎದೆಗೆ ಸುತ್ತಿ ಮಂಚದ ಕೆಳಗೆ ಗಂಟು ಹಾಕುವ ಬಟ್ಟೆಯ ಜಾಕೆಟ್ ಇರುತ್ತಿತ್ತು. ರಾತ್ರಿ ಪಾಳಿಯಲ್ಲಿ ಅದನ್ನು ಕಟ್ಟುವುದು ನನ್ನ ಕೆಲಸ. ಟೈಲರ್ ಆಗಿದ್ದ ಒಬ್ಬ ಅಜ್ಜ ಇಡೀ ರಾತ್ರಿ ಆ ಗಂಟನ್ನು ಬೆರಳಲ್ಲಿ ತಡಕುತ್ತಿದ್ದರು. ಬೆಳಿಗ್ಗೆ ಉಗುರು ಕಿತ್ತಿರುತ್ತಿತ್ತು. ಬೀಳಬಾರದು ಅಂತ ಕಟ್ಟುತ್ತಿದ್ದೆವು. ಎರಡು ತಿಂಗಳಲ್ಲಿ ಅವರ ಕಾಲಿನ ಶಕ್ತಿ ಹೋಯಿತು, ಬೆನ್ನಲ್ಲಿ ಹುಣ್ಣಾಯಿತು. ಆಮೇಲೆ ಬೀಳಲು ಏಳುವುದೇ ಆಗಲಿಲ್ಲ.

ಕೆಂಡಲ್‌ನವರು 1973ರಲ್ಲಿ ಬಾಗಿಲು ತೆರೆದಾಗಿನಿಂದ ಯಾರನ್ನೂ ಕಟ್ಟಿದವರಲ್ಲ. 1986ರಲ್ಲಿ ‘ಹಿರಿಯರ ಕಟ್ಟು ಬಿಚ್ಚಿ’ ಅಂತ ದೇಶಕ್ಕೆಲ್ಲ ಹೇಳಲು ಹೊರಟರು. ಮರುವರ್ಷ ಅಮೆರಿಕದ ನರ್ಸಿಂಗ್ ಹೋಂ ಕಾನೂನಿನಲ್ಲೇ ಅದಕ್ಕೆ ಮಿತಿ ಬಂತು. ಚಿಕಿತ್ಸೆಗೆ ಬೇಕಾದಾಗ ಬಿಟ್ಟು, ಸಿಬ್ಬಂದಿಯ ಅನುಕೂಲಕ್ಕೆ ಕಟ್ಟುವಂತಿಲ್ಲ.

ಕಟ್ಟದೆ ಏನು ಮಾಡುವುದು? ಯಾಕೆ ಏಳುತ್ತಾರೆ ಅಂತ ಮೊದಲು ನೋಡುವುದು. ನಮ್ಮಲ್ಲಿ ಅಣಬೆ ಶೆಡ್ಡಿನಲ್ಲಿ ದುಡಿದ ಒಬ್ಬರು ನಸುಕಿಗೇ ಎದ್ದು ಬಾಗಿಲಿಗೆ ಬರುತ್ತಿದ್ದರು. ಕೆಲಸಕ್ಕೆ ಹೊತ್ತಾಯಿತು ಅಂತ. ನಿಮ್ಮ ಮಾವನಿಗೂ ಮೊದಲ ಬಸ್ಸಿಗೆ ಹೊತ್ತಾಗಿರಬಹುದು, ಅಲ್ವಾ? ಅವರ ಡ್ಯೂಟಿ ಎಷ್ಟು ಗಂಟೆಗೆ ಶುರುವಾಗುತ್ತಿತ್ತು ಅಂತ ಅತ್ತೆಯನ್ನು ಕೇಳಿ. ಇನ್ನು ಮೂತ್ರಕ್ಕೆ ಏಳುವವರೂ ಬಹಳ. ಮಲಗುವ ಮುಂಚೆ ಒಮ್ಮೆ, ಎರಡೂವರೆಗೆ ಅಲಾರಂ ಇಟ್ಟು ಒಮ್ಮೆ ಕರೆದುಕೊಂಡು ಹೋಗಿ. ಹಾಸಿಗೆಯನ್ನು ಮಂಚದಿಂದ ಇಳಿಸಿ ನೆಲಕ್ಕೆ ಹಾಕಿ, ಆದರೆ ಎದ್ದೇಳಲು ಹಿಡಿದುಕೊಳ್ಳುವುದಕ್ಕೆ ಭಾರದ ಕುರ್ಚಿಯೊಂದು ಪಕ್ಕದಲ್ಲಿರಲಿ. ಬಚ್ಚಲಿನ ದಾರಿಯಲ್ಲಿ ಸಣ್ಣ ದೀಪ ಉರಿಯಲಿ. ಕಾಲೊರೆಸುವ ಚಾಪೆಗಳನ್ನು ತೆಗೆದುಬಿಡಿ. ಬಾಗಿಲಿಗೆ ಒಂದು ಗಂಟೆ ಕಟ್ಟಿ, ತೆಗೆದರೆ ನಿಮಗೆ ಕೇಳಬೇಕು. ತೆಗೆದುಕೊಳ್ಳುವ ಎಲ್ಲಾ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಬಿ.ಪಿ. ಮಾತ್ರೆ, ನಿದ್ದೆ ಮಾತ್ರೆಯಿಂದಲೂ ಎದ್ದಾಗ ತಲೆ ಸುತ್ತುತ್ತದೆ. ನಿಂತಾಗಿನ ಬಿ.ಪಿ.ಯನ್ನೂ ನೋಡಲು ಹೇಳಿ. ಹಗಲು ಅರ್ಧ ಗಂಟೆ ಕೈಹಿಡಿದು ನಡೆಸಿ, ಕಾಲಿಗೆ ಬಲ ಬೇಕು.

ಇಷ್ಟಾದರೂ ಕೆಲವು ರಾತ್ರಿ ಏಳುತ್ತಾರೆ. ಆಗ ಎಳೆದಾಡಬೇಡಿ. ಅರ್ಧ ಲೋಟ ಟೀ ಕೊಟ್ಟು, “ಮಾವ, ಇವತ್ತು ಯಾವ ರೂಟು?” ಅಂತ ಕೇಳಿ. ಜೋಗವೋ ಶಿವಮೊಗ್ಗವೋ, ಅವರು ಹೇಳುವಷ್ಟೂ ಕೇಳಿಸಿಕೊಳ್ಳಿ. ನಿಮ್ಮ ನಿದ್ದೆಯೂ ಮುಖ್ಯ, ವಾರದಲ್ಲಿ ಮೂರು ರಾತ್ರಿಯ ಪಾಳಿ ಯಜಮಾನರದ್ದಾಗಲಿ. ಒಂದು ತಿಂಗಳು ಹೀಗೆ ಮಾಡಿ, ಎಷ್ಟು ಗಂಟೆಗೆ ಎದ್ದರು, ಬಿದ್ದರಾ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನನಗೆ ಬರೆಯಿರಿ.