ಪುದುಚೇರಿಯಲ್ಲಿ ತಾಯಿಗೂ ಮಕ್ಕಳಿಗೂ ಒಗ್ಗುವ ಊಟ

ಮುಳಬಾಗಿಲಿನಿಂದ ಪುದುಚೇರಿಗೆ ಹೊರಟಿರುವ ತಾವು, ಮೀನು ಬಯಸುವ ಮಕ್ಕಳಿಗೂ ಶುದ್ಧ ಸಸ್ಯಾಹಾರಿಯಾದ ತಾಯಿಯವರಿಗೂ ಎಲ್ಲಿ ಊಟ ಹೊಂದುತ್ತದೆಂದು ಕೇಳಿದ್ದೀರಿ. ತಾಯಿಯವರ ಊಟವನ್ನು ಮೊದಲು ನಿಶ್ಚಯಿಸಿಕೊಳ್ಳಿ. ಮಿಷನ್ ಸ್ಟ್ರೀಟ್‌ನ ಸುರ್ಗುರು ಪೂರ್ತಿ ಸಸ್ಯಾಹಾರಿ ಹೋಟೆಲಾದ್ದರಿಂದ ಅವರು ಅಳುಕಿಲ್ಲದೆ ಉಣ್ಣಬಹುದು. ತಮಿಳು ಊಟದಲ್ಲಿ ವತ್ತಕುಳಂಬು ಸಿಕ್ಕರೆ ಖಂಡಿತ ಬಿಡಬೇಡಿ: ಒಣಗಿಸಿದ ಸುಂಡೆಕಾಯಿಯನ್ನು ಎಳ್ಳೆಣ್ಣೆಯಲ್ಲಿ ಹುರಿದು, ಹುಣಸೆರಸದಲ್ಲಿ ಎಣ್ಣೆ ಮೇಲೆ ತೇಲುವವರೆಗೆ ಕುದಿಸಿದ ಆ ಗಟ್ಟಿ ಸಾರು, ಬಸ್ಸಾರಿಗೆ ಒಗ್ಗಿದ ನಮ್ಮ ಕೋಲಾರದ ನಾಲಿಗೆಗೆ ಬಹುಬೇಗ ಹಿಡಿಸುತ್ತದೆ. ಮುದ್ದೆಯನ್ನು ಮಾತ್ರ ನಿರೀಕ್ಷಿಸಬೇಡಿ.

ಮಕ್ಕಳಿಗೆ ಮೀನನ್ನು ಮಧ್ಯಾಹ್ನವೇ ಕೊಡಿಸಿ. ಕಡಲಿಗೆ ಮುಖಮಾಡಿದ ಅಲಂಕಾರದ ರೆಸ್ಟೋರೆಂಟ್‌ಗಳಿಗಿಂತ ಊರಿನವರೇ ತುಂಬಿರುವ ಚಿಕ್ಕ ಮೆಸ್‌ಗಳನ್ನು ನಾನು ಹೆಚ್ಚು ನಂಬುತ್ತೇನೆ, ಆದರೆ ವಂಜರಂ ಮೀನಿನ ತುಂಡಿನ ಬೆಲೆಯನ್ನು ಮೊದಲೇ ವಿಚಾರಿಸುವುದು ಒಳ್ಳೆಯದು. ಬೆಳಗಿನ ಕಾಫಿ ತಿಂಡಿಗೆ ನೆಹರು ಬೀದಿಯ ಇಂಡಿಯನ್ ಕಾಫಿ ಹೌಸ್ ಸಾಕು. ಸಂಜೆ ಬೀಚ್ ರಸ್ತೆಯಲ್ಲಿ ವಾಹನಗಳನ್ನು ತಡೆಯುವುದರಿಂದ ವಯಸ್ಸಾದವರೂ ನಿರಾತಂಕವಾಗಿ ನಡೆಯಬಹುದು. ಅಲ್ಲಿ ಅಲೆಗಳ ಪಕ್ಕದಲ್ಲೇ ಇರುವ ಲ ಕೆಫೆಗೆ ಕಡಲ ನೋಟಕ್ಕಾಗಿ ಹೋಗಿ, ಕಾಫಿ ಕುಡಿದು, ರಾತ್ರಿಯ ಊಟಕ್ಕೆ ಪೇಟೆಯ ಕಡೆಗೆ ಬನ್ನಿ.