ನ್ಯೂಜೆರ್ಸಿ ರಾಜ್ಯದ ಯುದ್ಧಸೇವಾ ಪದಕ: ಅಳಿಯನಿಗೂ ಅವರ ತಾತನಿಗೂ ಪಡೆಯುವುದು ಹೇಗೆ?

ನಿಮ್ಮ ಅಳಿಯ ಇರಾಕಿನಲ್ಲಿ, ಅವರ ದಿವಂಗತ ತಾತ ಕೊರಿಯಾದಲ್ಲಿ ಯುದ್ಧಸೇವೆ ಮಾಡಿದವರು, ಇಬ್ಬರ ಹೆಸರಿಗೂ ರಾಜ್ಯದ ಪದಕ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಅದು ನ್ಯೂಜೆರ್ಸಿ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್. ವಾಷಿಂಗ್ಟನ್ ಕೊಡುವ ಪದಕಗಳ ಜೊತೆ ತಾನಾಗಿ ಬರುವುದಿಲ್ಲ, ರಾಜ್ಯದ ಮಿಲಿಟರಿ ಮತ್ತು ವೆಟರನ್ಸ್ ಇಲಾಖೆಗೆ ಅರ್ಜಿ ಹಾಕಬೇಕು. ಯುದ್ಧವಲಯದ ಸೇವೆ, ಗೌರವಯುತ ಬಿಡುಗಡೆ, ರಾಜ್ಯದ ನಿವಾಸ, ಮೂರಕ್ಕೂ ದಾಖಲೆ ಕೇಳುತ್ತಾರೆ.

ಅಳಿಯನ ಮಟ್ಟಿಗೆ ಎಲ್ಲವೂ ಡಿಡಿ-214 ಎಂಬ ಬಿಡುಗಡೆ ಪತ್ರದ ಮೇಲೆ ನಿಂತಿದೆ. ಹೆಚ್ಚಿನವರು ಎಡವುವುದೂ ಇಲ್ಲೇ. ಈ ಪತ್ರದ 'ಮೆಂಬರ್-1' ಎಂಬ ಪ್ರತಿಯಲ್ಲಿ ಬಿಡುಗಡೆ ಯಾವ ಬಗೆಯದು ಎಂಬ ಭಾಗವೇ ಇರುವುದಿಲ್ಲ. ಕಳಿಸಬೇಕಾದದ್ದು 'ಮೆಂಬರ್-4'. ಅದರ 24ನೇ ಚೌಕದಲ್ಲಿ ಬಿಡುಗಡೆಯ ಸ್ವರೂಪ, 13ರಲ್ಲಿ ಪದಕಗಳು, 18ರಲ್ಲಿ ಇರಾಕಿನ ತಾರೀಖುಗಳು, 7ಬಿಯಲ್ಲಿ ಸೇರುವಾಗಿನ ವಿಳಾಸ ನೋಡಿಕೊಳ್ಳಿ. ಪತ್ರದಲ್ಲಿ ಇರಾಕ್ ಸೇವೆಯ ಉಲ್ಲೇಖ ಬಿಟ್ಟುಹೋಗಿದ್ದರೆ ಮೊದಲು ಡಿಡಿ-215 ಎಂಬ ತಿದ್ದುಪಡಿ ಪತ್ರ ಮಾಡಿಸಿ, ಆಮೇಲೆ ಅರ್ಜಿ. ನ್ಯಾಷನಲ್ ಗಾರ್ಡ್‌ನಲ್ಲಿ (ರಾಜ್ಯಗಳ ಮೀಸಲು ಪಡೆ) ಇದ್ದವರಾದರೆ ಆ ಪಡೆಯ ಬಿಡುಗಡೆ ಪತ್ರವಾದ ಎನ್‌ಜಿಬಿ-22 ಒಂದನ್ನೇ ಕಳಿಸಬೇಡಿ. ವಿದೇಶಕ್ಕೆ ಹೋದ ಅವಧಿಗೆ ಪ್ರತ್ಯೇಕ ಡಿಡಿ-214 ಕೊಟ್ಟಿರುತ್ತಾರೆ, ಬೇಕಾದದ್ದು ಅದು.

ತಾತನದು ಕಷ್ಟದ ಕೆಲಸ. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನಲ್ಲಿರುವ ಸೈನಿಕರ ಸೇವಾ ದಾಖಲೆಗಳ ರಾಷ್ಟ್ರೀಯ ಕೇಂದ್ರಕ್ಕೆ ಬೆಂಕಿ ಬಿದ್ದು, 1912ರಿಂದ 1960ರ ಆರಂಭದವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಸುಮಾರು ಶೇ. 80 ನಾಶವಾದವು. ಆದ್ದರಿಂದ ಮೊದಲು ಮನೆಯ ಟ್ರಂಕು ಹುಡುಕಿ, ನಂತರ ಅವರು ವಾಸವಿದ್ದ ಕೌಂಟಿಯ ಕ್ಲರ್ಕ್ ಕಚೇರಿಯಲ್ಲಿ ಕೇಳಿ. ಯುದ್ಧದಿಂದ ಬಂದವರು ಬಿಡುಗಡೆ ಪತ್ರವನ್ನು ಅಲ್ಲಿ ನೋಂದಾಯಿಸುವ ರೂಢಿ ಇತ್ತು, ಅದನ್ನು ಬೆಂಕಿ ಮುಟ್ಟಿಲ್ಲ. ಎರಡೂ ಕಡೆ ಸಿಗದಿದ್ದರೆ ಸೇವಾ ದಾಖಲೆ ಕೇಳುವ ಎಸ್‌ಎಫ್-180 ಅರ್ಜಿಯನ್ನು ಸೇಂಟ್ ಲೂಯಿಸ್‌ನ ಆ ಕೇಂದ್ರಕ್ಕೆ ಕಳಿಸಿ. ಸಂಬಳದ ಪಟ್ಟಿ, ತುಕಡಿಯ ದಿನಚರಿಗಳಿಂದ ಸೇವೆಯನ್ನು ಮತ್ತೆ ಜೋಡಿಸಿಕೊಡುತ್ತಾರೆ. ತುಕಡಿಯ ಹೆಸರು ಮತ್ತು ಸೇವಾ ಸಂಖ್ಯೆ ಬರೆದರೆ ಹುಡುಕಾಟ ಸಲೀಸು.

ಮೊಮ್ಮಗ ಆ ದಾಖಲೆ ಕೇಂದ್ರದ ನಿಯಮದಲ್ಲಿ 'ಹತ್ತಿರದ ಬಂಧು' ಅಲ್ಲ, ಸಂಗಾತಿ, ಮಕ್ಕಳು, ಹೆತ್ತವರು, ಒಡಹುಟ್ಟಿದವರು ಮಾತ್ರ. ಆದರೆ ಬಿಡುಗಡೆಯಾಗಿ 62 ವರ್ಷ ಕಳೆದ ಕಡತ ಸಾರ್ವಜನಿಕ, ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ಹಾಗಾಗಿ ಕೊರಿಯಾದ ಕಡತಕ್ಕೆ ನಿಮ್ಮ ಅಳಿಯನೇ ಬರೆಯಲಿ. ರಾಜ್ಯದ ಪದಕದ ಅರ್ಜಿಗೆ ಮಾತ್ರ ತಾತನ ಮಕ್ಕಳಲ್ಲಿ ಯಾರಾದರೂ ಸಹಿ ಹಾಕುವುದು ಕ್ಷೇಮ. ಮರಣ ಪತ್ರದ ಪ್ರತಿಯನ್ನೂ ಲಗತ್ತಿಸಿ. ಮೂಲ ಕಾಗದಗಳನ್ನು ಯಾವ ಕಾರಣಕ್ಕೂ ಅಂಚೆಗೆ ಹಾಕಬೇಡಿ.